ಕೂರುವುದೊಂದು ಬಿಟ್ಟು

ಚೌಕದ ಆಲದ ಮರದ ಕೆಳಗಿದ್ದ ಎರಡು ಕಲ್ಲುಬೆಂಚುಗಳನ್ನು ಮುತ್ತಿನ ಅರಮನೆಯವರು ಕಿತ್ತು ಲಾರಿಗೆ ಹಾಕಿಕೊಂಡು ಹೋದರು.

ಮುತ್ತಿನ ಅರಮನೆಯಲ್ಲಿ ರಾಜರಿಲ್ಲ, ಜೂಜಿನ ಮೇಜುಗಳಿವೆ. ಮಕಾವಿನಲ್ಲಿ ಅಂಥ ಅರಮನೆಗಳು ಮಳೆ ಬಿದ್ದ ಮರುದಿನದ ಅಣಬೆಗಳಂತೆ ಎದ್ದು ನಿಂತಿವೆ. ಇದು ದೊಡ್ಡ ಅಣಬೆ. ಹಡಗುಕಟ್ಟೆಯಿಂದ ಅತಿಥಿಗಳನ್ನು ತುಂಬಿಕೊಂಡು ಬರುವ ಅದರ ಬಸ್ಸು ಈ ಚೌಕವನ್ನು ಹಾದೇ ಹೋಗಬೇಕು. ಹಾಗೆ ಹೋಗುವಾಗ, ಬನಿಯನ್ನನ್ನು ಎದೆಯ ತನಕ ಸುತ್ತಿಕೊಂಡು ಹೊಟ್ಟೆಗೆ ಬೀಸಣಿಗೆ ಬೀಸುತ್ತ ಕೂತ ಮುದುಕರು ಕಿಟಕಿಯಲ್ಲಿ ಕಾಣುತ್ತಿದ್ದರು. ಅತಿಥಿಗಳು ಕಡಲು ದಾಟಿ ಬರುವುದು ಚಿನ್ನದ ಕನಸು ಕಾಣುವುದಕ್ಕೆ, ಮುದುಕರ ಹೊಕ್ಕುಳು ನೋಡುವುದಕ್ಕಲ್ಲ. ಬೆಂಚಿದ್ದ ಜಾಗದಲ್ಲಿ ಈಗ ಒಂದು ದೊಡ್ಡ ಕುಂಡ, ಕುಂಡದಲ್ಲಿ ಪ್ಲಾಸ್ಟಿಕ್ಕಿನ ತಾವರೆ.

ಚಾವೊ ಮಾನ್‌ಹೋಯ್ ಟೀ ಮನೆಯೊಂದರಲ್ಲಿ ನಲವತ್ತು ವರ್ಷ ಬಡಿಸುವ ಕೆಲಸ ಮಾಡಿದವನು. ಅಂದರೆ ನಲವತ್ತು ವರ್ಷ ಬೇರೆಯವರು ಕೂರುವುದನ್ನು ನಿಂತು ನೋಡಿದವನು. ಕೆಲಸ ಬಿಟ್ಟ ಮೇಲೆ ಇನ್ನು ಕೂರುವುದೇ ಕೆಲಸ ಎಂದುಕೊಂಡಿದ್ದ. ಆದರೆ ಬೆಂಚಿನ ನಿಜವಾದ ಹಕ್ಕುದಾರಳು ಅವನಲ್ಲ, ಅವನ ಹೆಂಡತಿ ಸುತ್‌ಲಾನ್. ಮಾರುಕಟ್ಟೆ ಏರು ಓಣಿಯ ಕೆಳತುದಿಗೆ, ಮನೆ ಅದರ ಮೇಲ್ತುದಿಗೆ, ಅದೂ ಲಿಫ್ಟಿಲ್ಲದ ಮೂರನೆಯ ಮಹಡಿ. ನಡುದಾರಿಯಲ್ಲಿ ಬೆಂಚು. ಸೊಪ್ಪಿನ ಚೀಲ ಪಕ್ಕಕ್ಕಿಟ್ಟು, ಮಂಡಿ ನೀವಿಕೊಂಡು, ಗೆಳತಿಯರ ಜೊತೆ ಸೊಸೆಯರನ್ನೆಲ್ಲ ಬೈದು ಮುಗಿಸಿದರೆ ಉಳಿದ ಏರು ಹತ್ತಲು ಅವಳಿಗೆ ಉಸಿರು ಬರುತ್ತಿತ್ತು. ಬೆಂಚು ಹೋದ ದಿನದಿಂದ ಅವಳು ಮನೆಯಿಂದ ಇಳಿದಿರಲಿಲ್ಲ. ಇಳಿದರೆ ಹತ್ತಬೇಕು; ನಡುವೆ ಕೂರದೆ ಹತ್ತಲು ಮಂಡಿ ಒಪ್ಪುತ್ತಿರಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು ಸೊಪ್ಪು ತರಿಸಿಕೊಳ್ಳುತ್ತ, ಅಲ್ಲಿಂದಲೇ ಲೋಕ ಆಳುತ್ತಿದ್ದಳು.

ಮೊದಲ ದಿನ ಮಾನ್‌ಹೋಯ್ ಮನೆಯ ಪ್ಲಾಸ್ಟಿಕ್ ಸ್ಟೂಲು ತಂದು ಆಲದ ಕೆಳಗೆ ಇಟ್ಟ. ಅರಮನೆಯ ಕಾವಲುಗಾರ ಬಂದು ಎತ್ತಿಕೊಂಡು ಹೋದ. ಮರುದಿನ ಇನ್ನೊಂದು ಸ್ಟೂಲು ತಂದ. ಅದನ್ನೂ ಎತ್ತಿಕೊಂಡು ಹೋದ. ಅದರ ಮರುದಿನ ಮನೆಯಲ್ಲಿ ಸ್ಟೂಲೇ ಇರಲಿಲ್ಲ. ಮಾನ್‌ಹೋಯ್ ನಿಂತುಕೊಂಡೇ ಗಂಜಿ ಕುಡಿಯುತ್ತಿದ್ದಾಗ ಸುತ್‌ಲಾನ್ ಬಟ್ಟಲು ಕುಕ್ಕಿದಳು.

"ಮುದುಕಪ್ಪ, ಅವರು ನಮ್ಮ ಕೂರೋ ಜಾಗ ತಗೊಂಡ್ರಾ?"

"ತಗೊಂಡ್ರು."

"ಅವರ ಹತ್ರ ಕುರ್ಚಿ ಇದಾವಾ?"

"ಅರಮನೆ ಅಲ್ವಾ, ಇದ್ದೇ ಇರ್ತಾವೆ."

"ಹಂಗಾದ್ರೆ ಹೋಗಿ ಅದ್ರಲ್ಲಿ ಕೂತ್ಕೋ. ಯಾರು ಏಳು ಅಂದ್ರೂ ಏಳ್ಬೇಡ. ಬೆಂಚು ವಾಪಸ್ ಹಾಕ್ತೀವಿ ಅಂತ ಬಾಯಿಬಿಟ್ಟು ಹೇಳಿದ್ಮೇಲೆ ಏಳು. ಅಲ್ಲಿ ಒಂದು ಕಾಸು ಬಿಚ್ಚಿದ್ಯೋ, ರಾತ್ರಿ ಊಟ ಬುಟ್ಟೀಲಿ ಇಳಿಸ್ತೀನಿ, ಬೀದೀಲೇ ತಿನ್ಕೋ."

ಈ ಮಾತು ಕೆಳಗಿನ ಮಹಡಿಯ ತಾಮ್‌ಗೆ ಕೇಳಿಸಿತು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಅವನಿಗೆ ಕೇಳಿಸುತ್ತಿತ್ತು. ತಾಮ್ ಪುಕ್ಕಟೆ ಶಾಸ್ತ್ರದಲ್ಲಿ ಪಂಡಿತ. ಅವನು ಕೊನೆಯ ಬಾರಿ ಕಾಸು ಬಿಚ್ಚಿದ್ದು ಅವನ ಮದುವೆಯಲ್ಲಿ ಎಂದೂ, ಆಮೇಲೆ ಅದಕ್ಕೂ ಪಶ್ಚಾತ್ತಾಪಪಟ್ಟನೆಂದೂ ಓಣಿಯಲ್ಲಿ ಪ್ರತೀತಿ. ಮಾನ್‌ಹೋಯ್ ಮೆಟ್ಟಿಲಿಳಿಯುವಷ್ಟರಲ್ಲಿ ತಾಮ್ ಚಪ್ಪಲಿ ಮೆಟ್ಟಿಕೊಂಡು ಸಿದ್ಧನಾಗಿದ್ದ.

"ಒಬ್ಬನೇ ಹೋದ್ರೆ ಕೆಡ್ತೀಯ, ಮಾನ್ ಅಣ್ಣ. ಈ ಊರಲ್ಲಿ ಬಸ್ಸು ಪುಕ್ಕಟೆ, ಬಿಸ್ಕತ್ತು ಪುಕ್ಕಟೆ, ಕಾರಂಜಿ ಕುಣಿತ ಪುಕ್ಕಟೆ, ತಣ್ಣನೆ ಗಾಳಿ ಪುಕ್ಕಟೆ, ಹಾಲಿನ ಟೀ ಪುಕ್ಕಟೆ. ಆದ್ರೆ ಹೆಂಗೆ ತಗೋಬೇಕು ಅಂತ ಗೊತ್ತಿರ್ಬೇಕು."

"ನಂಗೆ ಕುರ್ಚಿ ಸಾಕು ಮಾರಾಯ."

"ಕುರ್ಚೀನೂ ಸಿಗುತ್ತೆ. ಮೊದಲು ಅತಿಥಿ ಥರ ಕಾಣು. ತಲೆ ಎತ್ತು. ಬಾಯಿ ಬಿಡು. ಎಲ್ಲಾದಕ್ಕೂ ಆಹಾ ಅನ್ನು."

ಮಾನ್‌ಹೋಯ್ ತಲೆ ಎತ್ತಿ ಬಾಯಿಬಿಟ್ಟುಕೊಂಡು ನಾಲ್ಕು ಹೆಜ್ಜೆ ನಡೆದ. ಐದನೆಯ ಹೆಜ್ಜೆಗೆ ದೀಪದ ಕಂಬ ಸಿಕ್ಕಿತು. "ಆಹಾ" ತಾನಾಗಿಯೇ ಬಂತು. ಅರಮನೆಯ ಬಸ್ಸಿನವನು ಅದನ್ನು ನೋಡಿ ಇವರು ಹೊರಗಿನವರೇ ಎಂದು ನಂಬಿ ಹತ್ತಿಸಿಕೊಂಡ. ಬಸ್ಸಿನಲ್ಲಿ ಮೆತ್ತನೆಯ ಸೀಟುಗಳಿದ್ದವು. ಒಂದೂ ಖಾಲಿ ಇರಲಿಲ್ಲ.

ಬಿಸ್ಕತ್ತಿನ ಬೀದಿಯಲ್ಲಿ ತಾಮ್ ಬಲವಂತವಾಗಿ ಇಳಿಸಿದ. ಅಲ್ಲಿ ಅಂಗಡಿಯ ಹುಡುಗಿಯರು ಬಾದಾಮಿ ಬಿಸ್ಕತ್ತಿನ ಚೂರು, ಒಣಗಿಸಿದ ಹಂದಿಮಾಂಸದ ತುಂಡು ಹಿಡಿದು ದಾರಿಗೆ ಅಡ್ಡ ನಿಂತು ರುಚಿ ನೋಡಿ ಎನ್ನುತ್ತಾರೆ. ತಾಮ್ ಬೀದಿಯ ಮೇಲಿನಿಂದ ಕೆಳಕ್ಕೆ ಒಂದು ಸಲ ಟೋಪಿ ಹಾಕಿಕೊಂಡು, ಕೆಳಗಿನಿಂದ ಮೇಲಕ್ಕೆ ಒಂದು ಸಲ ಟೋಪಿ ತೆಗೆದು, ಮತ್ತೆ ಮೇಲಿನಿಂದ ಕುಂಟುತ್ತ ಒಂದು ಸಲ, ಹೀಗೆ ಮೂರು ಮನುಷ್ಯರ ಹೊಟ್ಟೆ ತುಂಬಿಸಿಕೊಂಡ. ಮಾನ್‌ಹೋಯ್ ಒಂದೇ ಒಂದು ತುಂಡು ಮಾಂಸ ಬಾಯಿಗಿಟ್ಟ. ಮಾಂಸ ಬಿಗಿಯಾಗಿತ್ತು, ಕಟ್ಟಿಸಿದ ಹಲ್ಲು ಸಡಿಲವಾಗಿತ್ತು. ಎಳೆದಾಗ ಎರಡೂ ಒಟ್ಟಿಗೆ ಹೊರಬಂದವು.

"ಅಜ್ಜ, ಮಾಂಸ ಮಾತ್ರ ನಮ್ಮದು," ಎಂದಳು ಹುಡುಗಿ, "ಹಲ್ಲು ವಾಪಸ್ ತಗೊಳ್ಳಿ."

"ನಾನು ತಿನ್ನೋಕೆ ಬಂದಿಲ್ಲಮ್ಮ," ಮಾನ್‌ಹೋಯ್ ಬೊಚ್ಚುಬಾಯಲ್ಲೇ ಹೇಳಿದ, "ಕೂರೋಕೆ ಬಂದಿದೀನಿ."

"ಕೂರೋಕಾ? ನಾನೇ ಬೆಳಗಿಂದ ನಿಂತಿದೀನಿ, ಅಜ್ಜ. ಮುಂದೆ ಹೋಗಿ."

ಮುತ್ತಿನ ಅರಮನೆಯ ಒಳಗೆ ಬಿಸಿಲಿಲ್ಲ, ಮಳೆಯಿಲ್ಲ, ಗಡಿಯಾರವಿಲ್ಲ. ಚಾವಣಿಗೆ ಆಕಾಶ ಬರೆದಿದ್ದಾರೆ, ಅಮೃತಶಿಲೆಯಲ್ಲಿ ನೆಲ ಹಾಸಿದ್ದಾರೆ, ನಡುವೆ ಕಾರಂಜಿ ಹಾಡಿಗೆ ತಕ್ಕಂತೆ ಸೊಂಟ ಬಳುಕಿಸುತ್ತದೆ. ತಾಮ್ ಆಹಾ ಎಂದ. ಮಾನ್‌ಹೋಯ್ ಕಾರಂಜಿಯ ಕಟ್ಟೆಯ ಮೇಲೆ ಕುಂಡಿ ಊರಿ ತಕ್ಷಣ ಎದ್ದ. ಕಟ್ಟೆಯ ಉದ್ದಕ್ಕೂ ಹಿತ್ತಾಳೆಯ ತಾವರೆ ಮೊಗ್ಗುಗಳನ್ನು ಕೂರಿಸಿದ್ದರು. ಎಲ್ಲ ಮೊಗ್ಗಿನ ಮೂತಿಯೂ ಮೇಲಕ್ಕೆ.

ಗಿಡದ ತೊಟ್ಟಿಯ ಅಂಚಿಗೆ ಕೂತ. ಕಪ್ಪು ಕೋಟಿನ ಕಾವಲುಗಾರ ಬಂದು ಬಗ್ಗಿ, "ಅಜ್ಜ, ಇದು ಗಿಡದ್ದು," ಎಂದ. ಮೆಟ್ಟಿಲಿನ ಮೇಲೆ ಕೂತ. ಮೆಟ್ಟಿಲು ಅವನನ್ನು ಹೊತ್ತುಕೊಂಡು ಮೇಲಿನ ಮಹಡಿಗೆ ಹೋಗಿ ಒಂದು ವಾಚಿನ ಅಂಗಡಿಯ ಮುಂದೆ ಉಗುಳಿತು. ಅಲ್ಲೊಂದು ವೆಲ್ವೆಟ್ ಸೋಫಾ ಇತ್ತು. ಅದರ ಮೆತ್ತೆ ಅವನನ್ನು ಪೂರ್ತಿ ನುಂಗುವ ಮೊದಲೇ ಇನ್ನೊಬ್ಬ ಕಪ್ಪು ಕೋಟು ಬಂದ. "ಇದು ಮೇಲಿನ ಕೋಣೆಯ ಅತಿಥಿಗಳಿಗೆ."

"ಮತ್ತೆ ಕೆಳಗಿನವರು ಎಲ್ಲಿ ಕೂರ್ಬೇಕಪ್ಪ?"

ಆ ಹುಡುಗ ಸೋಫಾದ ಮೆತ್ತೆ ತಟ್ಟಿ ಮತ್ತೆ ಉಬ್ಬಿಸಿದ.

ಕೊನೆಗೆ ಪಾಯಿಖಾನೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ. ಪೀಠ ಬೆಚ್ಚಗಿತ್ತು. ಏಳಿ ಎನ್ನುವವರಿಲ್ಲ. ಇಡೀ ಅರಮನೆಯಲ್ಲಿ ಬಡವನಿಗೆಂದು ಬಿಟ್ಟ ಸಿಂಹಾಸನ ಅದೊಂದೇ. ಆದರೆ ಬಾಗಿಲು ಹಾಕಿಕೊಂಡು ಮಾಡುವ ಸತ್ಯಾಗ್ರಹವನ್ನು ನೋಡುವವರು ಯಾರು? ಸುತ್‌ಲಾನ್ ಕೇಳಿದರೆ ಏನೆಂದು ಹೇಳುವುದು? ಎದ್ದು ಹೊರಗೆ ಬಂದ.

"ಹೇಳಿದ್ನಲ್ಲ, ನನ್ನ ಕೇಳು ಅಂತ," ಎಂದ ತಾಮ್. "ಇಲ್ಲಿ ಪುಕ್ಕಟೆ ಕುರ್ಚಿ ಇರೋದು ಒಂದೇ ಕಡೆ. ಮೇಜಿನ ಮುಂದೆ. ಕಾಲು ನೋಯ್ಲಿ ಅಂತಾನೇ ಬೇರೆಲ್ಲೂ ಇಟ್ಟಿಲ್ಲ. ನೊಂದ ಕಾಲು ತಾನಾಗೇ ಅಲ್ಲಿಗೆ ಬರುತ್ತೆ."

ಆ ಆಟ ತುಂಬ ಸರಳ, ಅದಕ್ಕೇ ಅಷ್ಟೊಂದು ಮನೆ ಮುರಿದಿದೆ. ಇಸ್ಪೀಟಿನ ಎಲೆಗಳು ಎರಡು ಕಡೆ ಬೀಳುತ್ತವೆ. ಕೆಂಪು ಕಡೆಗೆ ಧಣಿ ಎಂದು ಹೆಸರು, ನೀಲಿ ಕಡೆಗೆ ಖಾಲಿ ಎಂದು. ಒಂಬತ್ತರ ಹತ್ತಿರ ಯಾವುದು ಬಂತೋ ಅದು ಗೆದ್ದಿತು. ಆಡುವವನು ಹೇಳಬೇಕಾದದ್ದು ಒಂದೇ ಮಾತು: ಧಣಿಯೋ, ಖಾಲಿಯೋ.

ಮಾನ್‌ಹೋಯ್ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತ. ಬೆನ್ನಿಗೆ ಒರಗು, ಕೈಗೆ ಆಸರೆ. ಹೆಂಗಸೊಬ್ಬಳು ಗಾಡಿ ತಳ್ಳಿಕೊಂಡು ಬಂದು ಹಾಲಿನ ಟೀ ಕೊಟ್ಟಳು. ಎಲೆ ಹಂಚುತ್ತಿದ್ದವಳು ಅವರ ಓಣಿಯವಳೇ, ಕಿಟ್‌ಯಿಂಗ್. ಚಿಕ್ಕವಳಿದ್ದಾಗ ಆ ಬೆಂಚಿನ ಮೇಲೆ ಮಲಗಿ ಪಾಠ ಬರೆಯುತ್ತಿದ್ದವಳು. ಇವನನ್ನು ನೋಡಿ ಅವಳ ಕಣ್ಣು ಅಗಲವಾದವು, ತುಟಿ ಮಾತ್ರ ಅಲುಗಲಿಲ್ಲ. ಅಲ್ಲಿನ ಕೆಲಸದವರಿಗೆ ತುಟಿ ಅಲುಗಿಸದೆ ಮಾತಾಡುವುದು ಅಭ್ಯಾಸ.

"ಮಾವ! ನೀವಿಲ್ಲಿ?"

"ಕೂರೋಕೆ ಬಂದೆ ಮಗಳೇ."

"ಆಡ್ದೇ ಕೂರೋ ಹಾಗಿಲ್ಲ ಮಾವ."

"ಯೋಚನೆ ಮಾಡ್ತಿದಾರೆ ಅಂತ ಹೇಳು."

"ಎಷ್ಟು ಹೊತ್ತು ಯೋಚನೆ ಮಾಡ್ತೀರಾ?"

"ಬೆಂಚು ಬರೋವರೆಗೂ."

ಪಕ್ಕದಲ್ಲಿ ಕೆಂಪು ಅಂಗಿಯ ದಢೂತಿ ಮನುಷ್ಯನೊಬ್ಬ ಕೂತಿದ್ದ. ಅದೃಷ್ಟಕ್ಕೆಂದು ಅಂಗಿ ಕೆಂಪು, ಕಾಲುಚೀಲ ಕೆಂಪು, ಬಗ್ಗಿದಾಗ ಕಂಡ ಒಳಚಡ್ಡಿಯೂ ಕೆಂಪು. ಇಷ್ಟೆಲ್ಲ ಕೆಂಪಾದರೂ ಬೆಳಗಿನಿಂದ ಸೋಲುತ್ತಿದ್ದ. ಅವನು ಮಾನ್‌ಹೋಯ್ ಕಡೆ ತಿರುಗಿದ.

"ಹೊಸ ಮುಖ, ಹೊಸ ಅದೃಷ್ಟ. ಹೇಳಿ ಅಜ್ಜ, ಈ ಸಲ ಯಾವುದು?"

ಮಾನ್‌ಹೋಯ್ ಟೀ ಹೀರಿದ. "ನನ್ನ ಜೀವಮಾನದಲ್ಲಿ ಧಣಿ ಸೋತಿದ್ದು ನಾ ನೋಡಿಲ್ಲ. ಧಣಿ ಅನ್ನು."

ಕೆಂಪು ಅಂಗಿ ಧಣಿಗೆ ಕಟ್ಟಿದ. ಖಾಲಿ ಗೆದ್ದಿತು.

"ಆಕಸ್ಮಿಕ," ಎಂದ ಮಾನ್‌ಹೋಯ್. "ಧಣಿಗೆ ಒಂದು ಸಲ ಕಾಲು ಜಾರಬಹುದು. ಧಣೀನೇ ಅನ್ನು."

ಖಾಲಿ.

"ಇರು ಇರು. ಈಗ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರ್ತಾನೆ ನೋಡು. ಧಣಿ."

ಖಾಲಿ.

ಮಾನ್‌ಹೋಯ್ ಟೀ ಬಟ್ಟಲು ಕೆಳಗಿಟ್ಟ. ಮೈಯಲ್ಲಿ ಏನೋ ಸಂಚಾರವಾಯಿತು. ಇಷ್ಟು ವರ್ಷ ಬದುಕಿದ್ದಕ್ಕೆ ಭೂಮಿಯ ಮೇಲೆ ಒಂದು ಮೇಜಾದರೂ ಕಂಡಿತು, ಧಣಿ ಸೋತು ಖಾಲಿ ಕೈ ಗೆಲ್ಲುವಂಥದ್ದು! ಅವನು ಮೇಜು ಗುದ್ದಿದ. "ಹಂಗಾದ್ರೆ ಖಾಲಿ ಅನ್ನು! ಇದ್ದದ್ದೆಲ್ಲ ಖಾಲಿಗೆ ಕಟ್ಟು!"

ಆ ಸಂತೋಷ ಒಂದು ಎಲೆ ಮಗುಚುವಷ್ಟು ಹೊತ್ತು ಇತ್ತು. ಧಣಿಗೆ ಒಂಬತ್ತು ಬಿತ್ತು.

ಕೆಂಪು ಅಂಗಿ ಎದ್ದು ತೋಳು ಮಡಚಿದ. ಅವನ ಮುಖವೂ ಈಗ ಅದೃಷ್ಟದ ಬಣ್ಣಕ್ಕೆ ಬಂದಿತ್ತು. ಆಗ ಹಿಂದಿನಿಂದ ತಾಮ್ ಚೀರಿದ:

"ಹೊಡೀಬೇಡಿ! ದೀಪ ಕಣ್ರೀ ಇವನು, ದೀಪ!"

ಸುತ್ತಲಿನ ಮೇಜುಗಳ ತಲೆಗಳೆಲ್ಲ ಇತ್ತ ತಿರುಗಿದವು.

ದೀಪ ಎಂದರೆ ಏನೆಂದು ಮಕಾವಿನಲ್ಲಿ ಹಸುಗೂಸಿಗೂ ಗೊತ್ತು. ಹೇಳಿದ್ದು ಯಾವತ್ತೂ ಆಗದಂಥ, ಹುಟ್ಟಾ ದುರದೃಷ್ಟದ ಮನುಷ್ಯ. ಅವನ ಬೆಳಕಿನಲ್ಲಿ ಉಳಿದವರು ದಾರಿ ನೋಡಿಕೊಂಡು ತಿರುಗಿ ನಡೆಯುತ್ತಾರೆ. ಅವನು ಬಲ ಎಂದರೆ ಎಡಕ್ಕೆ, ಎಡ ಎಂದರೆ ಬಲಕ್ಕೆ. ದೀಪದ ಬುಡದಲ್ಲಿ ಮಾತ್ರ ಕತ್ತಲು.

"ನಲವತ್ತು ವರ್ಷದಿಂದ ನೋಡ್ತಿದೀನಿ," ತಾಮ್ ಭಾಷಣಕ್ಕೆ ನಿಂತ. "ಇವನು ಮದುವೆಗೆ ಒಳ್ಳೇ ದಿನ ಅಂತ ಆರಿಸಿದ ದಿನ ಚಂಡಮಾರುತ ಬಂತು. ಮಂಟಪದ ಜೊತೆ ಪುರೋಹಿತನೂ ಹಾರಿಹೋದ. ಇವನು ಕೊಡೆ ತಂದ್ರೆ ಬಿಸಿಲು, ಬಿಟ್ಟು ಬಂದ್ರೆ ಮಳೆ. ಬೆಂಚಿಗೇನೂ ಆಗಲ್ಲ ಬಿಡಿ ಅಂತ ಇವನೇ ಹೇಳಿದ್ದು. ಮರುದಿನ ಲಾರಿ ಬಂತು!"

"ಪುರೋಹಿತ ಹಾರಿಲ್ಲ," ಎಂದ ಮಾನ್‌ಹೋಯ್, "ಅವನ ಟೋಪಿ ಹಾರಿದ್ದು." ಆದರೆ ಕೇಳುವವರು ಯಾರು? ಕೆಂಪು ಅಂಗಿ ಕೈ ಇಳಿಸಿ, ದೇವರ ಮುಂದೆ ಬಗ್ಗುವ ಹಾಗೆ ಬಗ್ಗಿದ. "ಅಜ್ಜ, ತಪ್ಪಾಯ್ತು. ಈ ಸಲ ಯಾವುದು, ಅಪ್ಪಣೆ ಕೊಡಿ."

"ಧಣಿ," ಎಂದ ಮಾನ್‌ಹೋಯ್, ಸುಮ್ಮನೆ ಬಿಟ್ಟರೆ ಸಾಕೆಂದು. ಎಲ್ಲರೂ ಖಾಲಿಗೆ ಕಟ್ಟಿದರು. ಖಾಲಿ ಗೆದ್ದಿತು.

ಅಲ್ಲಿಂದ ಜಾತ್ರೆ. ಒಂದು ಮೇಜಿನವರು ಇನ್ನೊಂದು ಮೇಜಿನವರನ್ನು ಕರೆದರು, ಅವರು ಊಟದ ಮನೆಯವರನ್ನು ಕರೆದರು. ಮಾನ್‌ಹೋಯ್ ಕುರ್ಚಿಯ ಹಿಂದೆ ಎಂಟು ಸಾಲು ಜನ. ಎಲೆಯ ಮೇಲಿನ ಚುಕ್ಕೆ ಹಾರಿಹೋಗಲಿ ಎಂದು ಎಲ್ಲರೂ ಒಟ್ಟಿಗೆ "ಊದು! ಊದು!" ಎಂದು ಊದಿದರೆ ಅವನ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲು ಹಾಯಿಯಂತೆ ಏಳುತ್ತಿದ್ದವು. ಯಾರೋ ಟೀ ತಂದರು, ಯಾರೋ ಇನ್ನೊಂದು ಟೀ ತಂದರು, ಯಾರೋ ಮೊಟ್ಟೆಯ ಸಿಹಿತಿಂಡಿಯನ್ನು ಅವನ ಬಾಯಿಗೇ ಇಟ್ಟರು. ಆದರೆ ಯಾರೂ ಭುಜ ಮುಟ್ಟಲಿಲ್ಲ. ಭುಜ ಮುಟ್ಟಿದರೆ ಇದ್ದ ಗುಣ ಹೋಯಿತು ಎಂಬುದು ಅಲ್ಲಿನ ನಂಬಿಕೆ. ಒಬ್ಬ ಮರೆತು ಕೈಯೆತ್ತಿದ್ದಕ್ಕೆ ನಾಲ್ವರು ಅವನನ್ನು ಎತ್ತಿಕೊಂಡು ಹೋಗಿ ಕಾರಂಜಿಯ ಹತ್ತಿರ ಬಿಟ್ಟುಬಂದರು.

ಅರಮನೆಯವರು ಎಲೆಯ ಕಟ್ಟು ಬದಲಿಸಿದರು. ಕಿಟ್‌ಯಿಂಗ್‌ಳನ್ನು ಕಳಿಸಿ ಬೇರೆಯವಳನ್ನು ತಂದರು. ಜನ ಚಳಿಗೆ ಚದುರಲಿ ಎಂದು ತಂಪು ಹೆಚ್ಚಿಸಿದರು. ಜನ ಕೋಟು ಬಿಚ್ಚಿ ದೀಪಕ್ಕೆ ಹೊದಿಸಿದರು.

ಮಾನ್‌ಹೋಯ್‌ಗೆ ಈಗ ಬೇರೆಯದೇ ಸಂಕಟ. ಕುಡಿದ ಟೀಯೆಲ್ಲ ಒಂದೇ ಕಡೆ ಸೇರಿ ಬಾಗಿಲು ತಟ್ಟುತ್ತಿತ್ತು.

"ಸ್ವಲ್ಪ ದಾರಿ ಬಿಡಿ. ಹೋಗಿ ಬರ್ತೀನಿ."

"ಎಲ್ಲಿಗೆ?" ಎಂಟು ಸಾಲು ಗಾಬರಿಯಾಯಿತು.

"ಅಲ್ಲಿಗೇ."

"ದೀಪ ಕದಲಿಸಬಾರ್ದು!" ಎಂದ ಕೆಂಪು ಅಂಗಿ. "ಅಜ್ಜ, ಇನ್ನು ನಾಲ್ಕೇ ಆಟ. ತಡಕೊಳ್ಳಿ. ಬೇಕಾದ್ರೆ ಈ ಜಗ್ಗು ಖಾಲಿ ಇದೆ, ನಾವೆಲ್ಲ ಆ ಕಡೆ ತಿರುಗ್ತೀವಿ."

ಬೆಳಗಿನಿಂದ ಈ ಊರಿನಲ್ಲಿ ಅವನನ್ನು ಕೂರಬಿಟ್ಟವರಿಲ್ಲ. ಈಗ ಏಳಬಿಡುವವರಿಲ್ಲ. ಮಾನ್‌ಹೋಯ್ ಕಾಲು ಹೆಣೆದುಕೊಂಡು, ಹಲ್ಲು ಕಚ್ಚಿ, ಸುತ್‌ಲಾನಳ ಮಂಡಿಯನ್ನು ನೆನೆದ. ಅವಳು ಹೇಳಿದ್ದೂ ಅದೇ ಅಲ್ಲವೆ, ಏಳಬೇಡ ಎಂದು.

ಆಗ ಜನ ದಾರಿ ಬಿಟ್ಟರು. ಮ್ಯಾನೇಜರ್ ಸಿಯೊ ಬಂದ. ಅವನ ಬೂಟೂ ಹಲ್ಲೂ ಒಂದೇ ಪಾಲಿಶ್. ಮಾನ್‌ಹೋಯ್ ಕಿವಿಯ ಹತ್ತಿರ ಬಗ್ಗಿದ.

"ಹಿರಿಯರೇ, ತುಂಬ ಹೊತ್ತು ಕೂತಿದೀರಿ. ನಮ್ಮ ಕಡೆಯಿಂದ ಒಂದು ಊಟ. ಶಾರ್ಕ್ ರೆಕ್ಕೆಯ ಸಾರು."

"ಬೆಂಚು."

"ಏನು?"

"ಬೆಂಚು ಬೇಕು."

"ಕಡಲು ಕಾಣೋ ಕೋಣೆ? ಹೆಂಡ್ತೀನೂ ಕರ್ಕೊಂಡು ಬನ್ನಿ."

"ಬೆಂಚು. ಎರಡು. ಆಲದ ಮರದ ಕೆಳಗೆ. ನೀವು ಕಿತ್ತದ್ದು."

ಸಿಯೊ ನೆನಪು ಮಾಡಿಕೊಂಡ. "ಓ, ಅದಾ? ಅದಕ್ಕೋಸ್ಕರ ಬೆಳಗಿಂದ ಇಲ್ಲಿ...? ಹಿರಿಯರೇ, ಅದು ಬರೀ ಕಲ್ಲು."

"ಹೂಂ. ಅದೇ ಕಲ್ಲು." ಮಾನ್‌ಹೋಯ್ ಧ್ವನಿ ನಡುಗಿತು, ಅರ್ಧ ಛಲಕ್ಕೆ, ಅರ್ಧ ಟೀಗೆ. "ಅದು ಬರೋವರೆಗೂ ಏಳಲ್ಲ. ನಿಮ್ಮ ಕುರ್ಚಿ ನೆನೆದ್ರೆ ನನ್ನ ಕೇಳ್ಬೇಡಿ."

ಸಿಯೊ ಕುರ್ಚಿಯನ್ನು ನೋಡಿದ. ಜನರನ್ನು ನೋಡಿದ. ಗೋಡೆಯ ಮೇಲೆ ಯಾವ ಆಟದಲ್ಲಿ ಯಾವ ಕಡೆ ಗೆದ್ದಿತೆಂದು ಕೆಂಪು ನೀಲಿ ಸೊನ್ನೆಗಳು ಸಾಲಾಗಿ ಮಿನುಗುವ ಹಲಗೆಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ತುಂಬ ಮೃದುವಾಗಿ ನಕ್ಕ.

"ಆಗಲಿ. ನಾಳೆ ಬೆಳಿಗ್ಗೆ ಬೆಂಚು ಅಲ್ಲಿರುತ್ತೆ. ಒಳ್ಳೇ ಬಣ್ಣಾನೂ ಹೊಡೆಸ್ತೀನಿ. ಆದ್ರೆ ನೀವು ಇನ್ನು ಈ ಬಾಗಿಲಿಗೆ ಬರ್ಬಾರ್ದು."

"ಕರೆದ್ರೂ ಬರಲ್ಲ," ಎಂದವನೇ 'ಅಲ್ಲಿಗೆ' ಓಡಿದ. ಈ ವಯಸ್ಸಿನಲ್ಲಿ ಅಂಥ ಓಟವನ್ನು ಆ ಅರಮನೆ ಕಂಡಿರಲಿಲ್ಲ. ಹೊರಗೆ ಬಂದಾಗ ತಾಮ್ ಮ್ಯಾನೇಜರನ ಪಕ್ಕದಲ್ಲಿ ನಿಂತಿದ್ದ.

"ನೀನು ಹೋಗಿರು ಅಣ್ಣ. ಇನ್ನೊಂದು ಟೀ ಕುಡಿದು ಬರ್ತೀನಿ," ಎಂದ.

ಓಣಿಗೆ ಬಂದು ಮಾನ್‌ಹೋಯ್ ಕೆಳಗಿನಿಂದಲೇ ಕೂಗಿದ. "ಮುದುಕಮ್ಮಾ! ಬರುತ್ತೆ! ನಾಳೆ ಬೆಂಚು ಬರುತ್ತೆ!"

ಮೂರನೆಯ ಮಹಡಿಯ ಕಿಟಕಿ ತೆರೆಯಿತು. "ಕಾಸು ಬಿಚ್ಚಿದ್ಯಾ?"

"ಒಂದೂ ಇಲ್ಲ!"

"ಮತ್ತೇನು ನಿಂತಿದೀಯ ಅಲ್ಲಿ? ಮೇಲೆ ಬಾ, ಮೀನು ಆರೋಗುತ್ತೆ."

ಸುತ್‌ಲಾನ್ ಆ ಸಂಜೆ ಹಬೆಯಲ್ಲಿ ಬೇಯಿಸಿದ ಮೀನಿನ ಕೆನ್ನೆಯ ಭಾಗವನ್ನು ಗಂಡನ ಬಟ್ಟಲಿಗೆ ಹಾಕಿದಳು. ಅವಳು ಅದನ್ನು ಯಾರಿಗೂ ಬಿಡುವವಳಲ್ಲ. ಬಟ್ಟೆಯ ಬೂಟು ಹೊರಗೆ ತೆಗೆದು ಧೂಳು ಕೊಡವಿ ಬಾಗಿಲ ಬಳಿ ಜೋಡಿಸಿಟ್ಟಳು. "ಆ ಫೂನ್ ಹೆಂಗಸಿನ ಸೊಸೆ ವಿಷಯ ಅರ್ಧಕ್ಕೇ ನಿಂತುಬಿಟ್ಟಿತ್ತು," ಎಂದಳು, "ನಾಳೆ ಪೂರ್ತಿ ಕೇಳ್ಬೇಕು."

ಬೆಳಿಗ್ಗೆ ಅವಳು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಳು. ಮಾನ್‌ಹೋಯ್ ಸೊಪ್ಪಿನ ಚೀಲ ಹಿಡಿದು, ಹಳೆಯ ಅಭ್ಯಾಸದಂತೆ ಹೆಗಲಿಗೆ ಟವೆಲು ಹಾಕಿಕೊಂಡು ಹಿಂದೆ ಇಳಿದ. ದಾರಿಯಲ್ಲಿ ಆಲದ ಕೆಳಗೆ ಅರಮನೆಯ ಲಾರಿ ಬಂದು ನಿಂತಿತ್ತು, ಬೆಂಚು ಇನ್ನೂ ಇಳಿಸಿರಲಿಲ್ಲ. ಮಾರುಕಟ್ಟೆಗೆ ಹೋದರು, ಸೊಪ್ಪು ಕೊಂಡರು, ತಿರುಗಿ ಹತ್ತಿದರು. ಅರ್ಧ ಏರಿಗೆ ಅವಳ ಮುಖ ಬಿಳಿಚಿಕೊಂಡಿತು. "ಪರವಾಗಿಲ್ಲ," ಎಂದಳು, "ಇನ್ನೇನು ಬೆಂಚು ಬಂತಲ್ಲ."

ಮ್ಯಾನೇಜರ್ ಸಿಯೊ ಮಾತಿಗೆ ತಪ್ಪಿರಲಿಲ್ಲ. ಆಲದ ಕೆಳಗೆ ಎರಡು ಬೆಂಚಿದ್ದವು, ಅದೇ ಕಲ್ಲಿನವು. ಒಂದಕ್ಕೆ ಕೆಂಪು ಬಣ್ಣ. ಒಂದಕ್ಕೆ ನೀಲಿ.

ಎರಡರ ತುಂಬ ಜನ. ಮುಂದೆ ನಿಂತವರು, ಹಿಂದೆ ನಿಂತವರು, ಆಲದ ಬೇರಿನ ಮೇಲೆ ಹತ್ತಿದವರು. ಎಲ್ಲರ ಕೈಯಲ್ಲೂ ಫೋನು. ಕೆಂಪು ಅಂಗಿಯವನು ಹೊಸ ಕೆಂಪು ಅಂಗಿ ತೊಟ್ಟು ಬಂದಿದ್ದ. ಒಂದೊಂದು ಬೆಂಚಿನ ನಡುಮಧ್ಯದಲ್ಲೂ ಒಬ್ಬ ಮುದುಕ ಕೂರುವಷ್ಟು ಜಾಗವನ್ನು ಜೋಪಾನವಾಗಿ ಬಿಟ್ಟಿದ್ದರು. ಪಕ್ಕದಲ್ಲಿ ಮುತ್ತಿನ ಅರಮನೆಯ ಬಸ್ಸು ಬಾಗಿಲು ತೆರೆದುಕೊಂಡು ಗುರುಗುಡುತ್ತಿತ್ತು. ಬಸ್ಸಿನ ಮುಂದೆ, ಅರಮನೆಯ ಹೆಸರಿದ್ದ ಹೊಸ ಟೋಪಿ ಹಾಕಿಕೊಂಡು, ಒಂದು ಕೈಯಲ್ಲಿ ಬಾವುಟ, ಇನ್ನೊಂದರಲ್ಲಿ ಮೈಕು ಹಿಡಿದು ನಿಂತವನು ತಾಮ್.

"ಬನ್ನಿ, ಬನ್ನಿ! ಊರಿನ ಪುಕ್ಕಟೆ ನೋಟಗಳಲ್ಲಿ ಹೊಚ್ಚ ಹೊಸದು: ದೀಪದಜ್ಜ! ಕೆಂಪಿನ ಮೇಲೆ ಕೂತ್ರೆ ಖಾಲಿಗೆ ಕಟ್ಟಿ, ನೀಲಿ ಮೇಲೆ ಕೂತ್ರೆ ಧಣಿಗೆ ಕಟ್ಟಿ! ಅಜ್ಜ ಕೂತ ಕೂಡ್ಲೇ ಬಸ್ಸು ಹೊರಡುತ್ತೆ. ಬಸ್ಸೂ ಪುಕ್ಕಟೆ!"

ಸುತ್‌ಲಾನ್‌ಗೆ ಇದೊಂದೂ ಅರ್ಥವಾಗಲಿಲ್ಲ. ಅವಳಿಗೆ ಕಂಡದ್ದು ಬೆಂಚು, ಬೆಂಚಿನ ಮೇಲಿನ ಖಾಲಿ ಜಾಗ. ನೇರ ಅಲ್ಲಿಗೆ ನಡೆದಳು. ತಾಮ್ ಬಾವುಟ ಅಡ್ಡ ಹಿಡಿದ.

"ಅತ್ತಿಗೆ, ಅದು ಅಣ್ಣನ ಜಾಗ."

"ನಿನ್ನ ಮೂತಿಗಿಷ್ಟು! ನನ್ನ ಮಂಡಿಗೆ ಅಂತ ತಂದ ಬೆಂಚು ಕಣೋ ಅದು."

"ನೀವು ಕೂತ್ರೆ ಲೆಕ್ಕ ಕೆಡುತ್ತೆ ಅತ್ತಿಗೆ."

ಬೇರಿನ ಮೇಲಿದ್ದವನೊಬ್ಬ ಕೇಳಿದ: "ದೀಪದ ಹೆಂಡ್ತಿ ಕೂತ್ರೆ ಅರ್ಧ ದೀಪಾನೋ, ಪೂರ್ತಿ ದೀಪಾನೋ?" ಈ ವಿಷಯದಲ್ಲಿ ಎರಡು ಪಂಗಡವಾಯಿತು.

ತಾಮ್ ಮೈಕು ಕೆಳಗೆ ಮಾಡಿ ಮಾನ್‌ಹೋಯ್ ಹತ್ತಿರ ಬಂದ. ಕಣ್ಣು ಕಣ್ಣು ಸೇರಿಸಲಿಲ್ಲ. "ಬೇಜಾರು ಮಾಡ್ಕೋಬೇಡ ಅಣ್ಣ. ಟೋಪಿ ಕೊಟ್ರು, ಮೂರು ಹೊತ್ತು ಊಟ ಕೊಡ್ತೀವಿ ಅಂದ್ರು. ಪುಕ್ಕಟೆ ಬರ್ತಿದ್ರೆ ನಾನು ಯಾವತ್ತು ಬೇಡ ಅಂದಿದೀನಿ, ನೀನೇ ಹೇಳು. ಒಂದೇ ಒಂದು ನಿಮಿಷ ಕೂತು ಎದ್ದುಬಿಡು. ಇವರು ಹೊರಟ್ಹೋಗ್ತಾರೆ. ಆಮೇಲೆ ಎರಡೂ ಬೆಂಚು ನಿಮ್ಮದೇ, ಮುಂದಿನ ಬಸ್ಸು ಬರೋವರೆಗೂ."

"ಮುಂದಿನ ಬಸ್ಸು ಯಾವಾಗ?"

"ಕಾಲು ಗಂಟೆಗೊಂದು."

ಮಾನ್‌ಹೋಯ್ ಹೆಂಡತಿಯ ಮುಖ ನೋಡಿದ. ಅವಳ ಮೇಲ್ದುಟಿಯ ಮೇಲೆ ಬೆವರು ಸಾಲಾಗಿ ನಿಂತಿತ್ತು. ಬರೀ ಒಂದು ನಿಮಿಷ. ಕೆಂಪಾದರೇನು, ನೀಲಿಯಾದರೇನು. ಅವನು ಒಂದು ಹೆಜ್ಜೆ ಮುಂದಿಟ್ಟ. ಫೋನುಗಳೆಲ್ಲ ಒಟ್ಟಿಗೆ ಮೇಲೆದ್ದವು.

ಸುತ್‌ಲಾನ್ ಕೈ ಚಾಚಿ ಅವನ ಭುಜವನ್ನು ಬಲವಾಗಿ ಹಿಡಿದುಕೊಂಡಳು.

"ಅಯ್ಯೋ! ಭುಜ! ಭುಜ ಮುಟ್ಟಿದ್ಲು!" ಇಡೀ ಚೌಕ ಚೀರಿತು.

"ಮುಟ್ಟದೆ ಇನ್ನೇನು? ಬಿದ್ದು ಸಾಯ್ಲಾ?" ಎಂದಳು ಅವಳು, ಒಂದು ಕಾಲಿನ ಭಾರವನ್ನೆಲ್ಲ ಆ ಭುಜಕ್ಕೆ ಬಿಟ್ಟು. ಆಮೇಲೆ ಗಂಡನಿಗೆ ಮಾತ್ರ ಕೇಳುವ ಹಾಗೆ: "ಮಂಡಿ ನಂದು. ನೋಯೋದು ನಂಗೆ. ಇವರು ಹೇಳಿದ್ರು ಅಂತ ನೀನು ಕೂತ್ಯೋ, ಜನ್ಮ ಪೂರ್ತಿ ಬುಟ್ಟಿ ಊಟ."

"ಪರವಾಗಿಲ್ಲ, ಹೆಂಡ್ತಿ ಮುಟ್ಟಿದ್ರೆ ದೋಷ ಇಲ್ಲ!" ಕೆಂಪು ಅಂಗಿ ಹೊಸ ಶಾಸ್ತ್ರ ಹೇಳಿದ. "ಕೂತ್ಕೊಳ್ಳಿ ಅಜ್ಜ!"

"ಕೂತ್ಕೊಳ್ಳಿ! ಕೂತ್ಕೊಳ್ಳಿ!" ಎಂದಿತು ಜನ. ಬಸ್ಸಿನವನು ಹಾರನ್ ಹೊಡೆದ. ಸ್ಟೂಲು ಕಿತ್ತುಕೊಂಡು ಹೋಗಿದ್ದ ಕಾವಲುಗಾರನೇ ಮುಂದೆ ಬಂದು, ಕೈಯಲ್ಲಿ ಬೆಂಚಿನ ಧೂಳು ಒರೆಸಿ, "ಅಜ್ಜ, ದಯವಿಟ್ಟು ಕೂತ್ಕೊಳ್ಳಿ," ಎಂದ.

ಮಾನ್‌ಹೋಯ್ ಸೊಪ್ಪಿನ ಚೀಲ ಕೆಳಗಿಟ್ಟ. ಹೆಂಡತಿ ಹಿಡಿದಿದ್ದ ಭುಜವನ್ನು ಅಲುಗಿಸದೆ, ಇನ್ನೊಂದು ಹೆಗಲ ಟವೆಲನ್ನು ಸರಿಮಾಡಿಕೊಂಡ. ಬೆನ್ನು ನೆಟ್ಟಗೆ ಮಾಡಿ, ಟೀ ಮನೆಯ ಬಾಗಿಲಲ್ಲಿ ಗಿರಾಕಿಗಳ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತ.

"ನಲವತ್ತು ವರ್ಷ ನಿಂತು ಗೊತ್ತು ನಂಗೆ," ಎಂದ. "ನಿಮಗೇನು ಬೇಕೋ ಹೇಳಿ. ಕೂರೋದೊಂದು ಬಿಟ್ಟು."